ಶಾಸಕನಿಗೆ ಆರು ವರ್ಷ, ಕಾವಲುಗಾರನಿಗೆ ಆಜೀವ

ಎರಡು ಕಾಯ್ದೆಗಳನ್ನು ಅಕ್ಕಪಕ್ಕ ಇಟ್ಟು ಓದಿ. ಮೊದಲನೆಯದು 1951ರ ಜನಪ್ರಾತಿನಿಧ್ಯ ಕಾಯ್ದೆ. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಜೈಲು ಶಿಕ್ಷೆಯಾದವರು ಬಿಡುಗಡೆಯಾದ ಮೇಲೆ ಆರು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ ಎನ್ನುತ್ತದೆ ಅದರ 8ನೇ ಸೆಕ್ಷನ್. ಏಳನೆಯ ವರ್ಷ ಅವರು ನಾಮಪತ್ರ ಸಲ್ಲಿಸಬಹುದು, ಗೆದ್ದರೆ ವಿಧಾನಸೌಧದ ಮೆಟ್ಟಿಲು ಹತ್ತಬಹುದು. ಹಳೆಯ ಶಿಕ್ಷೆಯನ್ನು ಪ್ರಮಾಣಪತ್ರದಲ್ಲಿ ನಮೂದಿಸಬೇಕು, ಅಷ್ಟೇ. ಎರಡನೆಯದು 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ. ಸಕ್ಷಮ ನ್ಯಾಯಾಲಯ ಅಪರಾಧಿ ಎಂದು ತೀರ್ಮಾನಿಸಿದ ಯಾರನ್ನೂ ಕಾವಲುಗಾರನ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ ಅದರ 10ನೇ ಸೆಕ್ಷನ್. ಯಾವ ಅಪರಾಧ, ಎಷ್ಟು ಶಿಕ್ಷೆ, ಎಷ್ಟು ವರ್ಷದ ಹಿಂದಿನದು ಎಂಬ ಮಾತೇ ಇಲ್ಲ. ವಿಧಾನಸೌಧದ ಒಳಗೆ ಕೂರಬಯಸುವವನಿಗೆ ಕಾನೂನು ಒಂದು ಗಡುವು ಕೊಟ್ಟಿದೆ. ಬೆಳ್ಳಂದೂರಿನ ಅಪಾರ್ಟ್‌ಮೆಂಟ್ ಗೇಟಿನಲ್ಲಿ ನಿಲ್ಲಬಯಸುವವನಿಗೆ ಕೊಟ್ಟಿಲ್ಲ.

ಯಾರೋ ಕುತಂತ್ರದಿಂದ ಹೀಗೆ ಬರೆದರು ಎಂದು ನಾನು ಹೇಳುತ್ತಿಲ್ಲ. ಹಳೆಯ ಅಪರಾಧ ದಾಖಲೆಗೆ ಆಯಸ್ಸು ಎಷ್ಟಿರಬೇಕು ಎಂಬ ಪ್ರಶ್ನೆಯನ್ನು ನಮ್ಮ ಶಾಸನಸಭೆಗಳು ಇಡಿಯಾಗಿ ಎಂದೂ ಕೈಗೆತ್ತಿಕೊಂಡಿಲ್ಲ. ಹಾಗಾಗಿ ಪ್ರತಿ ಕಾಯ್ದೆಯೂ ತನಗೆ ತೋಚಿದ ಗಡುವು ಹಾಕಿಕೊಂಡಿದೆ, ಕೆಲವು ಗಡುವನ್ನೇ ಹಾಕಿಲ್ಲ. ಪಾಸ್‌ಪೋರ್ಟ್ ಕಾಯ್ದೆ ನೋಡುವುದು ಅರ್ಜಿಗೆ ಹಿಂದಿನ ಐದು ವರ್ಷಗಳನ್ನು. ನೈತಿಕ ಅಧಃಪತನದ ಅಪರಾಧಕ್ಕೆ ಆ ಅವಧಿಯಲ್ಲಿ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯಾಗಿದ್ದರೆ ಮಾತ್ರ ಪಾಸ್‌ಪೋರ್ಟ್ ನಿರಾಕರಿಸಬಹುದು. ಆ್ಯಪ್ ಟ್ಯಾಕ್ಸಿಗಳಿಗೆ ಕೇಂದ್ರ ಸರ್ಕಾರ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ ಚಾಲಕರ ಹಿಂದಿನ ಏಳು ವರ್ಷಗಳನ್ನು ನೋಡಿತು. ಒಬ್ಬನೇ ಮನುಷ್ಯ, ಒಂದೇ ಹಳೆಯ ಪ್ರಕರಣ. ವಿದೇಶಕ್ಕೆ ಹಾರಲು ಅಡ್ಡಿಯಿಲ್ಲ, ಎಂಟನೆಯ ವರ್ಷ ಕ್ಯಾಬ್ ಓಡಿಸಲೂ ಅಡ್ಡಿಯಿಲ್ಲ, ರಾತ್ರಿ ಪಾಳಿಯಲ್ಲಿ ಗೇಟು ಕಾಯಲು ಮಾತ್ರ ಅವನು ಶಾಶ್ವತವಾಗಿ ಅನರ್ಹ.

ಅಮೆರಿಕದ ಹಲವು ರಾಜ್ಯಗಳಲ್ಲಿ ಹಳೆಯ ದಾಖಲೆಯನ್ನು ಅಳಿಸುವುದಕ್ಕೆ ಅಥವಾ ಸಾರ್ವಜನಿಕರ ಕಣ್ಣಿಗೆ ಬೀಳದಂತೆ ಮುಚ್ಚಿಡುವುದಕ್ಕೆ ಕಾನೂನಿದೆ. ಬ್ರಿಟನ್‌ನಲ್ಲಿ 1974ರಿಂದಲೂ ಇದೆ. ಭಾರತದಲ್ಲಿ ವಯಸ್ಕರಿಗೆ ಅಂಥ ಸಾಮಾನ್ಯ ಕಾನೂನು ಇಲ್ಲ. 2024ರ ಜುಲೈ 1ರಂದು ದಂಡ ಸಂಹಿತೆಯನ್ನೂ ದಂಡ ಪ್ರಕ್ರಿಯಾ ಸಂಹಿತೆಯನ್ನೂ ಬದಿಗಿಟ್ಟು ಹೊಸ ಸಂಹಿತೆಗಳನ್ನು ತಂದಾಗ ಅವಕಾಶವಿತ್ತು. ಭಾರತೀಯ ನ್ಯಾಯ ಸಂಹಿತೆ ಸಮುದಾಯ ಸೇವೆಯನ್ನು ಹೊಸ ಶಿಕ್ಷೆಯಾಗಿ ಸೇರಿಸಿತು. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಬಾರಿ ಕದ್ದವನು ಅದನ್ನು ಹಿಂತಿರುಗಿಸಿದರೆ ಜೈಲಿನ ಬದಲು ಸಮುದಾಯ ಸೇವೆ. ಒಳ್ಳೆಯ ಯೋಚನೆ. ಆದರೆ ಕಸ ಗುಡಿಸಿಯೋ ಗಿಡ ನೆಟ್ಟೋ ಶಿಕ್ಷೆ ಮುಗಿಸಿದವನ ಹೆಸರು ಕಡತದಲ್ಲಿ ಎಷ್ಟು ಕಾಲ ಇರಬೇಕು ಎಂಬುದಕ್ಕೆ ಸಂಹಿತೆಯಲ್ಲಿ ಉತ್ತರವಿಲ್ಲ. ಶಿಕ್ಷೆ ಹಗುರವಾಯಿತು, ಹಣೆಪಟ್ಟಿ ಮೊದಲಿನಷ್ಟೇ ಭಾರ.

ಬೆಂಗಳೂರಿನಲ್ಲಿ ಈ ಪ್ರಶ್ನೆ ಬೇರೆ ಊರುಗಳಿಗಿಂತ ಹೆಚ್ಚು ಚುಚ್ಚುವುದಕ್ಕೆ ಕಾರಣವಿದೆ. ಇಲ್ಲಿ ಕೆಲಸ ಎಂದರೆ ಹಿನ್ನೆಲೆ ಪರಿಶೀಲನೆ. ಐಟಿ ಕಂಪನಿಯ ಎಂಜಿನಿಯರ್‌ನಿಂದ ಹಿಡಿದು ಊಟ ತಲುಪಿಸುವ ಹುಡುಗನವರೆಗೆ, ಶಾಲಾ ಬಸ್ಸಿನ ಆಯಾಳಿಂದ ಹಿಡಿದು ಟೆಕ್ ಪಾರ್ಕಿನ ಹೌಸ್‌ಕೀಪಿಂಗ್ ಸಿಬ್ಬಂದಿಯವರೆಗೆ ಎಲ್ಲರೂ ಈ ಜರಡಿಯಲ್ಲಿ ಇಳಿದೇ ಬರಬೇಕು. ಪೊಲೀಸ್ ಪರಿಶೀಲನಾ ಪತ್ರಕ್ಕೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕುವುದು ಒಂದು ದಾರಿ. ಪರಿಶೀಲನಾ ಸಂಸ್ಥೆಗಳ ದಾರಿ ಇನ್ನೂ ಚುರುಕು: ಇ-ಕೋರ್ಟ್ಸ್ ತಾಣದಲ್ಲಿ ಹೆಸರು ಹಾಕಿ ಹುಡುಕುವುದು. ನ್ಯಾಯಾಂಗದ ಪಾರದರ್ಶಕತೆಗಾಗಿ ಮಾಡಿದ ವ್ಯವಸ್ಥೆ ಅದು, ಕಕ್ಷಿದಾರನಿಗೆ ಮುಂದಿನ ವಾಯಿದೆ ಯಾವಾಗ ಎಂದು ತಿಳಿಯಲಿ ಎಂದು. ಈಗ ಅದೇ ನೇಮಕಾತಿಯ ದುರ್ಬೀನು. 2016ರಲ್ಲಿ ಸುಪ್ರೀಂ ಕೋರ್ಟ್ ಪ್ರಥಮ ಮಾಹಿತಿ ವರದಿಗಳನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಏರಿಸಬೇಕೆಂದು ಆದೇಶಿಸಿತು. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ಆರೋಪಿಯ ಹಕ್ಕು ಕಾಯುವುದೇ ಆ ಆದೇಶದ ಉದ್ದೇಶವಾಗಿತ್ತು. ಏರಿಸಿದ್ದನ್ನು ಇಳಿಸುವುದು ಯಾವಾಗ ಎಂದು ಮಾತ್ರ ಯಾರೂ ಹೇಳಲಿಲ್ಲ.

ಅಪರಾಧಿ ಎಂದ ಕೂಡಲೇ ಕೊಲೆ, ದರೋಡೆ, ಪರಪ್ಪನ ಅಗ್ರಹಾರ ಕಣ್ಣಮುಂದೆ ಬರುತ್ತವೆ. ಹೆಚ್ಚಿನವರ ಕಥೆ ಅಷ್ಟು ನಾಟಕೀಯವಲ್ಲ. ಮಂಡ್ಯದ ಕಡೆಯ ಹಳ್ಳಿಯೊಂದರಲ್ಲಿ ಯುಗಾದಿಯ ಮರುದಿನ ಅಂದರ್ ಬಾಹರ್ ಆಡುತ್ತಾ ಕೂತ ಇಪ್ಪತ್ತೆರಡರ ಹುಡುಗನನ್ನು ಊಹಿಸಿಕೊಳ್ಳಿ. ಪೊಲೀಸರು ಬರುತ್ತಾರೆ, ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಸೆಕ್ಷನ್ ಬೀಳುತ್ತದೆ. ‘ತಪ್ಪೊಪ್ಪಿಕೊಂಡು ಫೈನ್ ಕಟ್ಟಿಬಿಡು, ಅಲ್ಲಿಗೆ ಮುಗಿಯುತ್ತದೆ’ ಎಂದು ಎಲ್ಲರೂ ಬುದ್ಧಿ ಹೇಳುತ್ತಾರೆ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ ಕೂಡ. ಆದರೆ ನ್ಯಾಯಾಧೀಶರ ಮುಂದೆ ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಅದು ಕಾನೂನಿನ ಕಣ್ಣಿನಲ್ಲಿ ಅಪರಾಧ ಸಾಬೀತಾದಂತೆ. ಜೈಲಿಗೆ ಹೋಗಿಲ್ಲ ಎಂಬುದರಿಂದ ಅದು ಬೇರೆ ಆಗುವುದಿಲ್ಲ. ಅದೇ ಹುಡುಗ ಎಂಟು ವರ್ಷದ ಮೇಲೆ ಹೆಂಡತಿ ಮಗುವಿನೊಂದಿಗೆ ಬೆಂಗಳೂರಿಗೆ ಬಂದು ಸೆಕ್ಯುರಿಟಿ ಏಜೆನ್ಸಿಯ ಬಾಗಿಲು ತಟ್ಟಿದಾಗ, ಮೇಲೆ ಹೇಳಿದ 10ನೇ ಸೆಕ್ಷನ್ ಅಕ್ಷರಶಃ ಅವನಿಗೂ ಅನ್ವಯಿಸುತ್ತದೆ.

ಪೆಟಿ ಕೇಸು ಎಂದು ನಾವು ಹಗುರವಾಗಿ ಕರೆಯುವುದರ ಕಾನೂನು ತೂಕ ಇದು. ಶನಿವಾರ ರಾತ್ರಿ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರದ್ದೂ ಇದೇ ಪಾಡು. ಸಿಗ್ನಲ್ ಹಾರಿದ ದಂಡವನ್ನು ಮೊಬೈಲ್‌ನಲ್ಲೇ ಕಟ್ಟಿ ಕೈತೊಳೆದುಕೊಳ್ಳಬಹುದು; ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್‌ಗೆ ಆ ಸೌಲಭ್ಯವಿಲ್ಲ, ನ್ಯಾಯಾಲಯಕ್ಕೇ ಹೋಗಬೇಕು. ಮೊದಲ ಬಾರಿಗೆ ಹತ್ತು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ದಂಡ ಕಟ್ಟಿ ಹೊರಬಂದವರಲ್ಲಿ ಎಷ್ಟು ಜನರಿಗೆ ತಾವು ಅಪರಾಧಿ ಎಂದು ತೀರ್ಮಾನವಾದವರು ಎಂಬ ಅರಿವಿರುತ್ತದೆ? ಕುಡಿದು ಓಡಿಸುವುದರ ಬಗ್ಗೆ ನನಗೆ ಕಿಂಚಿತ್ತೂ ಕನಿಕರವಿಲ್ಲ. ಆದರೂ ಆ ರಾತ್ರಿಯ ತಪ್ಪಿಗೆ ಇಪ್ಪತ್ತು ವರ್ಷದ ಮೇಲೂ ಕೆಲಸ ಕಳೆದುಕೊಳ್ಳಬೇಕೆಂದು ನ್ಯಾಯಾಧೀಶರು ಬರೆದಿರಲಿಲ್ಲ ಎಂಬುದೂ ಅಷ್ಟೇ ನಿಜ.

ಈಗ ಅದಕ್ಕಿಂತ ವಿಚಿತ್ರವಾದ ಸಂಗತಿಗೆ ಬರೋಣ: ಅಪರಾಧವೇ ಮಾಡದವರ ದಾಖಲೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಅಂಕಿಅಂಶದ ಪ್ರಕಾರ ದೇಶದ ಕೈದಿಗಳಲ್ಲಿ ನೂರಕ್ಕೆ 75ಕ್ಕಿಂತ ಹೆಚ್ಚು ಮಂದಿ ವಿಚಾರಣಾಧೀನರು. ಅವರಲ್ಲಿ ಎಷ್ಟೋ ಜನ ಮುಂದೆ ಖುಲಾಸೆಯಾಗುತ್ತಾರೆ. ಇನ್ನು ಕೆಲವು ಪ್ರಕರಣಗಳಲ್ಲಿ ಪೊಲೀಸರೇ ‘ಬಿ ರಿಪೋರ್ಟ್’, ಅಂದರೆ ಆರೋಪಕ್ಕೆ ಆಧಾರವಿಲ್ಲವೆಂದು ಪ್ರಕರಣ ಮುಚ್ಚುವ ವರದಿ, ಹಾಕುತ್ತಾರೆ. ಖುಲಾಸೆಯಾದವನ ಹೆಸರು ಅಂತರ್ಜಾಲದಲ್ಲಿ ಉಳಿಯುವುದು ಆರೋಪಿಯಾಗಿ. ತೀರ್ಪಿನ ಕೊನೆಯ ಪುಟ ಯಾರೂ ಓದುವುದಿಲ್ಲ. ಓದಿದರೂ ‘ಸಂಶಯದ ಲಾಭ’ ಎಂಬ ಎರಡು ಪದ ಕಣ್ಣಿಗೆ ಕುಕ್ಕುತ್ತವೆ. ಸಂಶಯದ ಲಾಭದ ಖುಲಾಸೆ ಬೇರೆ, ಗೌರವಯುತ ಖುಲಾಸೆ ಬೇರೆ ಎಂಬ ಭೇದವನ್ನು ಪೊಲೀಸ್ ನೇಮಕಾತಿಯ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟೇ ಒಪ್ಪಿದೆ. ದಂಡ ಪ್ರಕ್ರಿಯೆಯ ಕಾನೂನಿನಲ್ಲಿ ‘ಗೌರವಯುತ ಖುಲಾಸೆ’ ಎಂಬ ಪದವೇ ಇಲ್ಲದಿರುವಾಗ ಆರೋಪಿ ಅದನ್ನು ಎಲ್ಲಿಂದ ತರಬೇಕು?

ಬೆರಳಚ್ಚಿನ ವಿಷಯದಲ್ಲಿ ಪರಿಸ್ಥಿತಿ ತುಸು ವಾಸಿ. 2022ರ ದಂಡ ಪ್ರಕ್ರಿಯಾ (ಗುರುತಿಸುವಿಕೆ) ಕಾಯ್ದೆ ಬೆರಳಚ್ಚು, ಕಣ್ಣಿನ ಪಾಪೆಯ ಗುರುತು ಮುಂತಾದವನ್ನು 75 ವರ್ಷ ಇಟ್ಟುಕೊಳ್ಳಲು ಅನುಮತಿಸುತ್ತದೆ. ಆದರೆ ಹಿಂದೆ ಶಿಕ್ಷೆಯಾಗಿರದ ವ್ಯಕ್ತಿ ಎಲ್ಲ ಮೇಲ್ಮನವಿಗಳೂ ಮುಗಿದು ಖುಲಾಸೆಯಾದರೆ, ನ್ಯಾಯಾಲಯ ಬೇರೆ ರೀತಿ ಹೇಳದ ಹೊರತು, ಅವುಗಳನ್ನು ನಾಶಪಡಿಸಬೇಕು. ಹೆಬ್ಬೆರಳಿನ ಗುರುತಿಗೆ ಸಿಕ್ಕ ಈ ಮರ್ಯಾದೆ ಹೆಸರಿಗೆ ಸಿಕ್ಕಿಲ್ಲ.

ಮಕ್ಕಳ ವಿಷಯದಲ್ಲಿ ಮಾತ್ರ ನಮ್ಮ ಕಾನೂನು ಸ್ಪಷ್ಟವಾಗಿ ಮಾತನಾಡಿದೆ. 2015ರ ಬಾಲ ನ್ಯಾಯ ಕಾಯ್ದೆ ಹೊಸ ಆರಂಭವನ್ನು ಒಂದು ಮೂಲತತ್ತ್ವವೆಂದೇ ಘೋಷಿಸುತ್ತದೆ. ಅದರ 24ನೇ ಸೆಕ್ಷನ್ ಪ್ರಕಾರ ಬಾಲ್ಯದ ಅಪರಾಧದಿಂದ ಯಾವ ಅನರ್ಹತೆಯೂ ಅಂಟುವುದಿಲ್ಲ. ಮೇಲ್ಮನವಿಯ ಅವಧಿ ಅಥವಾ ಏಳು ವರ್ಷ ಕಳೆದ ಮೇಲೆ ದಾಖಲೆಯನ್ನೇ ನಾಶಪಡಿಸಬೇಕೆಂದು ನಿಯಮ ಹೇಳುತ್ತದೆ. ಹದಿನಾರು ದಾಟಿ, ಘೋರ ಅಪರಾಧಕ್ಕಾಗಿ ವಯಸ್ಕರಂತೆ ವಿಚಾರಣೆಗೊಳಗಾದವರಿಗೆ ಇದು ಅನ್ವಯಿಸುವುದಿಲ್ಲ. ಮುಗಿದ ಪ್ರಕರಣದ ವಿವರವನ್ನು ನಡತೆ ಪ್ರಮಾಣಪತ್ರಕ್ಕಾಗಿಯೂ ಪೊಲೀಸರು ಕೊಡಬಾರದು ಎಂದು 74ನೇ ಸೆಕ್ಷನ್ ನಿರ್ಬಂಧಿಸಿದೆ. ಹದಿನೇಳು ವರ್ಷ ಹನ್ನೊಂದು ತಿಂಗಳಿನ ಹುಡುಗನಿಗೆ ಇಷ್ಟೆಲ್ಲ ರಕ್ಷಣೆ, ಎರಡು ತಿಂಗಳ ಮೇಲೆ ಅದೇ ತಪ್ಪು ಮಾಡಿದರೆ ಏನೂ ಇಲ್ಲ.

ವಯಸ್ಕರಿಗೆ ಇರುವ ಏಕೈಕ ಗಟ್ಟಿ ಆಸರೆ 1958ರ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆ. ಅದನ್ನು ಇಷ್ಟು ಕಡಿಮೆ ಜನ ಕೇಳುವುದೇ ನನಗೆ ಬೇಸರ. ಜೀವಾವಧಿ ಅಥವಾ ಮರಣದಂಡನೆಗೆ ಗುರಿಯಾಗದ ಅಪರಾಧಗಳಲ್ಲಿ ನ್ಯಾಯಾಧೀಶರು ಶಿಕ್ಷೆ ವಿಧಿಸುವ ಬದಲು ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಹಾಗೆ ಬಿಡುಗಡೆಯಾದವರಿಗೆ ಆ ತೀರ್ಮಾನದಿಂದ ಬರುವ ಅನರ್ಹತೆ ತಟ್ಟುವುದಿಲ್ಲ ಎನ್ನುತ್ತದೆ 12ನೇ ಸೆಕ್ಷನ್. ಗೇಟಿನ ಕಾವಲುಗಾರನ ಪರವಾಗಿ ವಾದಿಸಬಹುದಾದ ಅಸ್ತ್ರ ಇದೇ. ಅದಕ್ಕೂ ಮಿತಿಯಿದೆ: ಪರಿವೀಕ್ಷಣೆಯ ಮೇಲೆ ಬಿಟ್ಟ ಮಾತ್ರಕ್ಕೆ ಅಪರಾಧದ ತೀರ್ಮಾನ ಅಳಿಸಿಹೋಗುವುದಿಲ್ಲ, ಸರ್ಕಾರಿ ನೌಕರನ ವರ್ತನೆಯನ್ನು ಇಲಾಖೆ ಪ್ರತ್ಯೇಕವಾಗಿ ನೋಡಬಹುದು ಎಂದು ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಿದೆ. ಅನರ್ಹತೆ ಹೋಗುತ್ತದೆ, ಕಡತ ಇರುತ್ತದೆ.

ಗಾಂಜಾ ಪ್ರಕರಣಗಳಲ್ಲಂತೂ ಇದನ್ನು ಪ್ರತಿ ಕಾಲೇಜಿನ ಫಲಕದಲ್ಲಿ ಬರೆದು ಹಾಕಬೇಕು. ಮಾದಕವಸ್ತು ಕಾಯ್ದೆ ವಯಸ್ಕರಿಗೆ ಪರಿವೀಕ್ಷಣೆಯ ಬಾಗಿಲನ್ನು ಬಹುತೇಕ ಮುಚ್ಚಿದೆ, ಆದರೆ ಸೇವನೆಯ 27ನೇ ಸೆಕ್ಷನ್‌ಗೆ ತೆರೆದೇ ಇಟ್ಟಿದೆ. ಅಷ್ಟೇ ಅಲ್ಲ, 64ಎ ಸೆಕ್ಷನ್ ಪ್ರಕಾರ ವ್ಯಸನಿಯೊಬ್ಬ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾನಾಗಿ ಚಿಕಿತ್ಸೆಗೆ ಸೇರಿ ಅದನ್ನು ಪೂರ್ತಿಗೊಳಿಸಿದರೆ ಸೇವನೆಯ ಆರೋಪಕ್ಕೆ ವಿಚಾರಣೆಯಿಂದಲೇ ಮುಕ್ತಿ. ವ್ಯಸನ ಚಿಕಿತ್ಸೆಗೆ ದೇಶಕ್ಕೇ ಹೆಸರಾದ ನಿಮ್ಹಾನ್ಸ್ ಇದೇ ಊರಿನಲ್ಲಿದೆ. ಆದರೂ ಹಾಸ್ಟೆಲ್ ಹುಡುಗರು ಮಾಡುವುದು ಮನೆಗೆ ಗೊತ್ತಾಗದಿರಲೆಂದು ತಪ್ಪೊಪ್ಪಿಕೊಂಡು ದಂಡ ಕಟ್ಟುವ ಕೆಲಸವನ್ನೇ. ಮನೆಗೆ ಆಗ ಗೊತ್ತಾಗುವುದಿಲ್ಲ. ನಾಲ್ಕು ವರ್ಷದ ಮೇಲೆ ಆಫರ್ ಲೆಟರ್ ಹಿಂದಕ್ಕೆ ಹೋದಾಗ ಗೊತ್ತಾಗುತ್ತದೆ.

ಮರೆಯಲ್ಪಡುವ ಹಕ್ಕು, ಅಂದರೆ ತನ್ನ ಹಳೆಯ ಮಾಹಿತಿಯನ್ನು ಸಾರ್ವಜನಿಕರ ಕಣ್ಣಿನಿಂದ ತೆಗೆಸಿಕೊಳ್ಳುವ ಹಕ್ಕು, ಎಂಬ ಇನ್ನೊಂದು ದಾರಿಯ ಮಾತು ಈಚೆಗೆ ಬಹಳ ಕೇಳಿಬರುತ್ತದೆ. ಅದರ ಬೇರು ಬೆಂಗಳೂರಿನಲ್ಲೇ ಇದೆ ಎನ್ನಬಹುದು. ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮನುಷ್ಯರು ತಮ್ಮನ್ನು ತಿದ್ದಿಕೊಂಡು ಹೊಸದಾಗಿ ರೂಪಿಸಿಕೊಳ್ಳಲು ಅರ್ಹರು ಎಂಬ ವಿಚಾರ ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಬರೆದ ಭಾಗದಲ್ಲಿದೆ. ಅದಕ್ಕೂ ಏಳು ತಿಂಗಳು ಮೊದಲೇ, 2017ರ ಜನವರಿಯಲ್ಲಿ, ಕರ್ನಾಟಕ ಹೈಕೋರ್ಟ್ ಮಹಿಳೆಯೊಬ್ಬರ ಹೆಸರು ಅಂತರ್ಜಾಲ ಹುಡುಕಾಟದಲ್ಲಿ ತನ್ನ ಆದೇಶದೊಂದಿಗೆ ಕಾಣಿಸಿಕೊಳ್ಳದಂತೆ ನೋಡಿಕೊಳ್ಳಲು ರಿಜಿಸ್ಟ್ರಿಗೆ ಸೂಚಿಸಿತ್ತು. ದೆಹಲಿ ಹೈಕೋರ್ಟ್ 2021ರಲ್ಲಿ ಮಾದಕವಸ್ತು ಪ್ರಕರಣದಲ್ಲಿ ಖುಲಾಸೆಯಾದ ಅಮೆರಿಕದ ಪ್ರಜೆಯೊಬ್ಬನಿಗೆ ಮಧ್ಯಂತರ ಪರಿಹಾರ ಕೊಟ್ಟಿತು. ಮದ್ರಾಸ್ ಹೈಕೋರ್ಟಿನ ವಿಭಾಗೀಯ ಪೀಠ 2024ರಲ್ಲಿ ಖುಲಾಸೆಯಾದವನ ಹೆಸರನ್ನು ಸಾರ್ವಜನಿಕ ತೀರ್ಪಿನಿಂದ ಮರೆಮಾಡಲು ಆದೇಶಿಸಿತು. ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆಯಾಜ್ಞೆ ನೀಡಿತು.

ತಡೆ ಕೊಟ್ಟಿದ್ದರಲ್ಲಿ ತರ್ಕವಿಲ್ಲದೆ ಇಲ್ಲ. ತೀರ್ಪು ಸಾರ್ವಜನಿಕ ಆಸ್ತಿ. ನ್ಯಾಯಾಧೀಶರು ಯಾರನ್ನು ಏಕೆ ಬಿಟ್ಟರು ಎಂಬುದು ಕತ್ತಲಲ್ಲಿ ಇರಕೂಡದು. ಆದರೆ ತೀರ್ಪಿನ ವಾದಸರಣಿ ತೆರೆದಿರುವುದು ಬೇರೆ, ಆರೋಪಿಯ ಹೆಸರು ಗೂಗಲ್‌ನ ಮೊದಲ ಸಾಲಿನಲ್ಲಿರುವುದು ಬೇರೆ. ಹೆಸರಿನ ಬದಲು ಅಕ್ಷರ ಹಾಕಿದರೆ ಕಾನೂನು ಕಲಿಯುವವರಿಗೆ ಏನೂ ನಷ್ಟವಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ದತ್ತಾಂಶ ಅಳಿಸುವ ಹಕ್ಕಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅದನ್ನು ನೆಚ್ಚಿಕೊಳ್ಳುವ ಮುನ್ನ 3ನೇ ಸೆಕ್ಷನ್ ಓದಬೇಕು. ಕಾನೂನಿನ ಕರ್ತವ್ಯವಾಗಿ ಸಾರ್ವಜನಿಕಗೊಳಿಸಿದ ಮಾಹಿತಿಗೆ ಕಾಯ್ದೆಯೇ ಅನ್ವಯಿಸುವುದಿಲ್ಲ. ನ್ಯಾಯಾಲಯಗಳ ಕೆಲಸಕ್ಕೂ ಅಪರಾಧ ತನಿಖೆಗೂ 17ನೇ ಸೆಕ್ಷನ್ ಪ್ರತ್ಯೇಕ ವಿನಾಯಿತಿ ಕೊಟ್ಟಿದೆ. ಜಾಲತಾಣದಿಂದ ಹೆಸರುಗಳನ್ನು ಬಾಚಿಕೊಂಡು ತನ್ನದೇ ಕೋಶ ಕಟ್ಟಿಕೊಳ್ಳುವ ಪರಿಶೀಲನಾ ಸಂಸ್ಥೆ ಇದೇ ಕಿಂಡಿಯಿಂದ ನುಸುಳಲು ನೋಡುತ್ತದೆ.

ಈ ಎಲ್ಲದರ ನಡುವೆ ಹೊಸ ಆರಂಭ ಸಲೀಸಾಗಿ ಸಿಗುವ ಒಂದು ವರ್ಗ ಉಂಟು: ಸಂಪುಟದವರೆಗೆ ಕೈ ಇರುವವರು. ಪ್ರಕರಣ ಹಿಂತೆಗೆದುಕೊಳ್ಳುವ ಅಧಿಕಾರ ಕಾನೂನಿನ ಪ್ರಕಾರ ಸರ್ಕಾರಿ ಅಭಿಯೋಜಕರದು, ನ್ಯಾಯಾಲಯದ ಒಪ್ಪಿಗೆಯೊಂದಿಗೆ. ರೂಢಿಯಲ್ಲಿ ಪಟ್ಟಿ ತಯಾರಾಗುವುದು ಸಂಪುಟದಲ್ಲಿ, ಎಲ್ಲ ಪಕ್ಷಗಳ ಸರ್ಕಾರಗಳಲ್ಲೂ. 2024ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಹಳೇ ಹುಬ್ಬಳ್ಳಿ ಗಲಭೆಯೂ ಸೇರಿದಂತೆ 43 ಪ್ರಕರಣಗಳನ್ನು ಹಿಂಪಡೆಯಲು ಹೊರಡಿಸಿದ ಆದೇಶವನ್ನು ಹೈಕೋರ್ಟ್ 2025ರ ಮೇ ತಿಂಗಳಲ್ಲಿ ರದ್ದುಪಡಿಸಿತು. ಆ ಪಟ್ಟಿಗಳಲ್ಲಿ ನ್ಯಾಯವಾಗಿಯೇ ಬಿಡಬೇಕಾದ ಹೋರಾಟಗಾರರೂ ಇರುತ್ತಾರೆ, ಇಲ್ಲವೆನ್ನುವುದಿಲ್ಲ. ಅಂದರ್ ಬಾಹರ್ ಆಡಿದ ಹುಡುಗನ ಹೆಸರು ಮಾತ್ರ ಅಲ್ಲಿಗೆ ಎಂದೂ ತಲುಪುವುದಿಲ್ಲ.

ಆ ಹುಡುಗನಂಥವರ ಹೆಸರು ಸುಲಭವಾಗಿ ಸೇರುವ ಪಟ್ಟಿ ಬೇರೆ: ರೌಡಿ ಪಟ್ಟಿ. ಅದಕ್ಕೆ ಶಿಕ್ಷೆಯೂ ಬೇಕಿಲ್ಲ, ಪೊಲೀಸ್ ಕೈಪಿಡಿಯ 1059ನೇ ಸ್ಥಾಯಿ ಆದೇಶ ಸಾಕು. ಒಮ್ಮೆ ಸೇರಿದರೆ ಗಣೇಶ ಹಬ್ಬಕ್ಕೊಮ್ಮೆ, ಚುನಾವಣೆಗೊಮ್ಮೆ ಠಾಣೆಯಿಂದ ಕರೆ, ಮೈದಾನದಲ್ಲಿ ಪರೇಡ್, ಮರುದಿನ ಪತ್ರಿಕೆಯಲ್ಲಿ ಚಿತ್ರ. ದೆಹಲಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ಇಂಥ ಹಿಸ್ಟರಿ ಶೀಟುಗಳು ಪೊಲೀಸರ ಆಂತರಿಕ ದಾಖಲೆಯಾಗಿಯೇ ಇರಬೇಕು, ಬಡ ಮತ್ತು ಹಿಂದುಳಿದ ಸಮುದಾಯದ ನಿರಪರಾಧಿಗಳ ಹೆಸರು ಪೂರ್ವಗ್ರಹದಿಂದ ಅದರಲ್ಲಿ ಸೇರಬಾರದು ಎಂದು ಹೇಳಿ, ಎಲ್ಲ ರಾಜ್ಯಗಳೂ ತಮ್ಮ ನಿಯಮಗಳನ್ನು ಮರುಪರಿಶೀಲಿಸಬೇಕೆಂದು ಸೂಚಿಸಿತು. ಆಂತರಿಕ ದಾಖಲೆಯನ್ನು ಕ್ಯಾಮೆರಾಗಳ ಮುಂದೆ ಸಾಲಾಗಿ ನಿಲ್ಲಿಸುವುದು ಯಾವ ಅರ್ಥದಲ್ಲಿ ಆಂತರಿಕವೋ ಪೊಲೀಸರೇ ಹೇಳಬೇಕು.

ಎದುರು ವಾದವನ್ನು ತಳ್ಳಿಹಾಕುವಂತಿಲ್ಲ. 2014ರಲ್ಲಿ ಇದೇ ನಗರದ ಶಾಲೆಯೊಂದರಲ್ಲಿ ಆರು ವರ್ಷದ ಮಗುವಿನ ಮೇಲೆ ನಡೆದ ದೌರ್ಜನ್ಯದ ನಂತರ ಪೋಷಕರು ಬೀದಿಗಿಳಿದರು. ಶಾಲಾ ಸಿಬ್ಬಂದಿಯ ಪೊಲೀಸ್ ಪರಿಶೀಲನೆಗೆ ಒತ್ತಾಯ ಬಂದದ್ದು ಆ ಭಯದಿಂದ. ಆ ಭಯ ನ್ಯಾಯವಾದದ್ದು. ದಾಖಲೆ ಮುಚ್ಚಿಡುವ ದೇಶಗಳೂ ಅದನ್ನು ಗೌರವಿಸಿವೆ. ಬ್ರಿಟನ್‌ನ ಕಾಯ್ದೆಯಲ್ಲಿ ಅವಧಿ ತೀರಿದ ಶಿಕ್ಷೆಯ ಬಗ್ಗೆ ಉದ್ಯೋಗದಾತ ಕೇಳಿದರೆ ‘ಇಲ್ಲ’ ಎಂದು ಹೇಳುವುದು ಸುಳ್ಳಾಗುವುದಿಲ್ಲ, ಆದರೆ ಮಕ್ಕಳೊಂದಿಗಿನ ಕೆಲಸಕ್ಕೆ ಆ ರಿಯಾಯಿತಿಯಿಲ್ಲ. ನ್ಯೂಯಾರ್ಕ್‌ನಲ್ಲಿ 2024ರ ನವೆಂಬರ್‌ನಿಂದ ಜಾರಿಗೆ ಬಂದ ಕಾನೂನು ಸಣ್ಣ ಅಪರಾಧಕ್ಕೆ ಮೂರು ವರ್ಷ, ದೊಡ್ಡದಕ್ಕೆ ಎಂಟು ವರ್ಷ ಕಾದು ದಾಖಲೆಯನ್ನು ತಾನಾಗಿಯೇ ಮುಚ್ಚುತ್ತದೆ. ಲೈಂಗಿಕ ಅಪರಾಧಗಳು ಅದರಿಂದ ಹೊರಗೆ, ಪೊಲೀಸರಿಗೂ ನ್ಯಾಯಾಲಯಕ್ಕೂ ದಾಖಲೆ ಕಾಣುತ್ತಲೇ ಇರುತ್ತದೆ.

‘ತಾನಾಗಿಯೇ’ ಎಂಬುದು ಇಲ್ಲಿ ಮುಖ್ಯ. ಮಿಷಿಗನ್ ರಾಜ್ಯದಲ್ಲಿ ಅರ್ಜಿ ಹಾಕಿಯೇ ದಾಖಲೆ ಅಳಿಸಿಕೊಳ್ಳಬೇಕಿದ್ದ ಕಾಲದಲ್ಲಿ ನಡೆದ ಅಧ್ಯಯನದ ಪ್ರಕಾರ, ಅರ್ಹರಾದವರಲ್ಲಿ ಐದು ವರ್ಷದೊಳಗೆ ಅದನ್ನು ಪಡೆದವರು ನೂರಕ್ಕೆ 6.5 ಮಂದಿ ಮಾತ್ರ. ಪಡೆದವರ ಗಳಿಕೆ ಒಂದೇ ವರ್ಷದಲ್ಲಿ ಶೇಕಡಾ 22ಕ್ಕಿಂತ ಹೆಚ್ಚಾಗಿತ್ತು, ಮತ್ತೆ ಅಪರಾಧಕ್ಕಿಳಿದವರು ತೀರಾ ವಿರಳ. ವಕೀಲರ ಫೀಸು, ಕೋರ್ಟಿನ ಅಲೆದಾಟ, ಅರ್ಜಿಯ ಭಾಷೆ ಇವುಗಳಿಗೆ ಹೆದರಿ ಉಳಿದವರು ಹಿಂದೆ ಸರಿದರು. ಅರ್ಜಿ ಕೇಳುವ ಕಾನೂನು ನಮ್ಮಲ್ಲಿ ಬಂದರೆ ಅದರ ಲಾಭ ಯಾರಿಗೆ ಎಂದು ಊಹಿಸುವುದು ಕಷ್ಟವಲ್ಲ.

ದೆಹಲಿಯ ಕಡೆ ನೋಡುತ್ತಾ ಕೂರುವ ಅಗತ್ಯ ಕರ್ನಾಟಕಕ್ಕೆ ಇಲ್ಲ ಎಂಬುದು ನನ್ನ ವಾದ. ಪೊಲೀಸ್ ರಾಜ್ಯದ ವಿಷಯ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇಲ್ಲಿಯದೇ. ಅದರಡಿಯ ಸಣ್ಣ ಅಪರಾಧಗಳ ದಾಖಲೆಗೆ ಮೂರೋ ಐದೋ ವರ್ಷದ ಆಯಸ್ಸು ನಿಗದಿ ಮಾಡುವ ತಿದ್ದುಪಡಿಯನ್ನು ವಿಧಾನಮಂಡಲವೇ ತರಬಹುದು. ಖುಲಾಸೆಯಾದ, ಬಿ ರಿಪೋರ್ಟ್ ಆದ ಪ್ರಕರಣಗಳನ್ನು ಉದ್ಯೋಗದ ಪರಿಶೀಲನಾ ಪತ್ರದಲ್ಲಿ ನಮೂದಿಸಬಾರದು ಎಂಬುದಕ್ಕೆ ಗೃಹ ಇಲಾಖೆಯ ಸುತ್ತೋಲೆ ಸಾಕು. ರೌಡಿ ಪಟ್ಟಿಯ ನಿಯಮ ಪೊಲೀಸ್ ಕೈಪಿಡಿಯಲ್ಲೇ ಇದೆ. ಭದ್ರತಾ ಏಜೆನ್ಸಿಗಳ ಕಾಯ್ದೆ ಮಾತ್ರ ಸಂಸತ್ತಿನದು. ಅಲ್ಲಿ ಕೇಳಬೇಕಾದದ್ದು ಸಂಸದರು ತಮಗೆ ಇಟ್ಟುಕೊಂಡಿರುವ ಆರು ವರ್ಷವನ್ನೇ.

ಅಲ್ಲಿಯವರೆಗೆ ಬಿಕ್ಕಟ್ಟಿನಲ್ಲಿ ಇರುವವರು ಮಾಡಬಹುದಾದದ್ದು ಸ್ವಲ್ಪವೇ. ‘ಪೊಲೀಸ್ ದಾಖಲೆ ಕ್ಲಿಯರ್ ಮಾಡಿಸಿಕೊಡುತ್ತೇನೆ’ ಎಂದು ದುಡ್ಡು ಕೇಳುವವರನ್ನು ನಂಬಬಾರದು, ಅಂಥ ಅಧಿಕಾರ ಯಾವ ಮಧ್ಯವರ್ತಿಗೂ ಇಲ್ಲ. ಖುಲಾಸೆಯಾದವರು ತೀರ್ಪಿನ ದೃಢೀಕೃತ ಪ್ರತಿ ತೆಗೆದಿಟ್ಟುಕೊಳ್ಳಬೇಕು. ಠಾಣೆಯ ಗಣಕದಲ್ಲಿ ಪ್ರಕರಣ ಇನ್ನೂ ಬಾಕಿ ಎಂದೇ ತೋರಿಸುತ್ತಿದ್ದರೆ ಅದನ್ನು ತಿದ್ದಿಸಲು ಬೇಕಾಗುವುದು ಅದೇ. ಕೆಲಸದ ಅರ್ಜಿಯಲ್ಲಿ ಬಂಧನ ಅಥವಾ ಪ್ರಕರಣದ ಬಗ್ಗೆ ನೇರ ಪ್ರಶ್ನೆಯಿದ್ದರೆ ಮುಚ್ಚಿಡಬಾರದು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ತಪ್ಪನ್ನು ಉದ್ಯೋಗದಾತ ಮನ್ನಿಸಬಹುದು ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ಗಂಭೀರ ಪ್ರಕರಣವನ್ನು ಮುಚ್ಚಿಟ್ಟವರಿಗೆ ಆ ಉದಾರತೆ ತೋರಿಸಿಲ್ಲ. ಅಮೆರಿಕದ ವೀಸಾ ಅರ್ಜಿಯಂತೂ ಕ್ಷಮಾದಾನ ಸಿಕ್ಕ ಪ್ರಕರಣವನ್ನೂ ಕೇಳುತ್ತದೆ. ಇನ್ನು ಪ್ರಕರಣ ನಡೆಯುತ್ತಿರುವವರು, ಅದರಲ್ಲೂ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮನೆಗೆ ಹೋಗೋಣ ಎಂದುಕೊಂಡಿರುವವರು, ಅದಕ್ಕೆ ಮೊದಲು ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೋ 15100 ಸಹಾಯವಾಣಿಗೋ ಕೇಳಬೇಕಾದ ಪ್ರಶ್ನೆ ಒಂದಿದೆ: ನನ್ನ ಪ್ರಕರಣದಲ್ಲಿ ಪರಿವೀಕ್ಷಣಾ ಕಾಯ್ದೆಯಡಿ ಬಿಡುಗಡೆ ಕೇಳಬಹುದೇ? ಅದನ್ನು ಕೇಳಬೇಕಾದದ್ದು ಶಿಕ್ಷೆ ಪ್ರಕಟವಾಗುವ ಮುನ್ನ. ರಸೀದಿ ಕೈಗೆ ಬಂದ ಮೇಲೆ ಮೇಲ್ಮನವಿಯೊಂದೇ ದಾರಿ, ತಪ್ಪೊಪ್ಪಿಕೊಂಡವರಿಗೆ ಆ ದಾರಿಯೂ ಬಲು ಇಕ್ಕಟ್ಟು.